ಅವರಿಗೆ ಏನು ಬಿಟ್ಟುಕೊಡೋದು?

ಶಾಲಾ ಫುಟ್‌ಬಾಲ್ ಟೂರ್ನಿಯ ಕ್ವಾರ್ಟರ್ ಫೈನಲ್‌ನಲ್ಲಿ ನಮ್ಮ ಎದುರಿಗೆ ಯಾರು ಬರುತ್ತಾರೆ ಅಂತ ಗೊತ್ತಾದಾಗ ನಮ್ಮ ಹುಡುಗರು ಬಸ್ ಸ್ಟ್ಯಾಂಡಿನಲ್ಲಿ ಮಿರ್ಚಿ ತಿನ್ನುತ್ತಿದ್ದರು. ಆಗ ತಾನೇ ಒಂದು ಪಂದ್ಯ ಗೆದ್ದು ಬಂದಿದ್ದೆವು. ಗದ್ದಲವೋ ಗದ್ದಲ. ಫೋನಿಗೆ ಬಂದ ಇನ್ನೊಂದು ಪಂದ್ಯದ ಫಲಿತಾಂಶವನ್ನು ಓದಿ ಹೇಳಿದೆ. ಒಮ್ಮೆಲೇ ಎಲ್ಲ ಸುಮ್ಮನಾದರು. ನಮ್ಮ ಗೋಲ್‌ಕೀಪರ್ ಕೈಯಲ್ಲಿದ್ದ ಅರ್ಧ ಮಿರ್ಚಿಯನ್ನು ಮತ್ತೆ ಪೇಪರಿನಲ್ಲಿ ಸುತ್ತಿಟ್ಟ. "ಅವ್ರು ಭಾಳ ಛಲೋ ಆಡ್ತಾರ್ರೀ ಸರ" ಅಂದ. ಅಷ್ಟೇ.

ಅವನು ಹೇಳಿದ್ದು ನಿಜ. ಬೆಳಗಾವಿಯ ಅಂಚಿನಲ್ಲಿರುವ ನಮ್ಮ ಪ್ರೌಢಶಾಲೆಯಲ್ಲಿ ನಾನು ಹದಿನಾಲ್ಕು ವರ್ಷದಿಂದ ಪಿ.ಟಿ. ಮಾಸ್ತರ. ಓಟ, ಖೋಖೋ, ಕಬಡ್ಡಿ, ವಾಲಿಬಾಲ್, ಎಲ್ಲಕ್ಕೂ ನಾನೇ. ಫುಟ್‌ಬಾಲ್‌ಗೆ ಹದಿನಾಲ್ಕು ಹುಡುಗರು, ಒಂದು ಸೆಟ್ ಜೆರ್ಸಿ, ಮೂರು ಬಾಲು. ಅದರಲ್ಲಿ ಒಂದು ದಿನಾ ಗಾಳಿ ಬಿಡುತ್ತದೆ. ಎದುರಿನ ಶಾಲೆಗೆ ಸ್ವಂತ ಮೈದಾನವಿದೆ, ಫುಟ್‌ಬಾಲ್‌ಗೆ ಅಂತಲೇ ಬೇರೆ ಕೋಚ್ ಇದ್ದಾರೆ. ಅಲ್ಲಿನ ಮಕ್ಕಳು ಎರಡನೇ ಕ್ಲಾಸಿನಿಂದ ಆಡುತ್ತಾ ಬಂದವರು. ಹಿಂದಿನ ಎರಡು ಪಂದ್ಯಗಳಲ್ಲಿ ಅವರು ಒಂಬತ್ತು ಗೋಲು ಹೊಡೆದಿದ್ದರು, ಒಂದನ್ನೂ ಬಿಟ್ಟುಕೊಟ್ಟಿರಲಿಲ್ಲ.

ನಮಗಿದ್ದದ್ದು ಹತ್ತು ದಿನ.

ಇಂಥ ತಂಡ ಎದುರಿಗೆ ಬಂದಾಗ ನಮ್ಮಂಥವರ ತಲೆಗೆ ಬರುವ ಮೊದಲ ಪ್ರಶ್ನೆ, ಇವರನ್ನು ತಡೆಯೋದು ಹೇಗೆ ಅಂತ. ನಾನೂ ಎಷ್ಟೋ ವರ್ಷ ಇದನ್ನೇ ಕೇಳಿಕೊಂಡೆ. ಒಂದು ವರ್ಷವಂತೂ ಬೋರ್ಡಿನ ಮೇಲೆ ಏಳು ಅಂಶ ಬರೆದಿದ್ದೆ. ವಿಂಗ್, ಅಂದರೆ ಮೈದಾನದ ಎರಡೂ ಅಂಚು, ತಡೆಯಬೇಕು, ನಡುವೆ ತಡೆಯಬೇಕು, ಲಾಂಗ್ ಬಾಲ್ ತಡೆಯಬೇಕು, ಹೀಗೇ. ಹುಡುಗರು ಎಲ್ಲವನ್ನೂ ನೋಟ್‌ಬುಕ್ಕಿನಲ್ಲಿ ಬರೆದುಕೊಂಡರು. ಆ ಪಂದ್ಯ 6-0 ಸೋತೆವು. ಮೂರನೇ ಗೋಲಾದ ಮೇಲೆ ಒಬ್ಬ ಹುಡುಗ ನನ್ನ ಕಡೆ ತಿರುಗಿ ಎರಡೂ ಕೈ ಅಗಲ ಮಾಡಿದ. "ಈಗ ಯಾವುದು?" ಅನ್ನೋ ಹಾಗೆ. ಆ ಕೈ ನನಗೆ ಇವತ್ತಿಗೂ ಮರೆತಿಲ್ಲ.

ಆಮೇಲೆ ನಿಧಾನಕ್ಕೆ ಅರ್ಥವಾಯಿತು. ಮೈದಾನ ನೂರು ಮೀಟರ್ ಉದ್ದ, ಅರವತ್ತು ಅರವತ್ತೈದು ಮೀಟರ್ ಅಗಲ. ಗೋಲ್‌ಕೀಪರ್ ಬಿಟ್ಟರೆ ನಮ್ಮಲ್ಲಿರೋದು ಹತ್ತು ಜನ. ಹತ್ತು ಹುಡುಗರು ಅಷ್ಟು ಜಾಗ ತುಂಬೋಕೆ ಸಾಧ್ಯವೇ ಇಲ್ಲ. ಗಿಡ್ಡ ಕೌದಿ ಇದ್ದ ಹಾಗೆ. ತಲೆಗೆ ಎಳೆದರೆ ಕಾಲಿಗೆ ಚಳಿ, ಕಾಲಿಗೆ ಎಳೆದರೆ ತಲೆಗೆ ಚಳಿ. ಎಲ್ಲಿ ಚಳಿಯಾದರೆ ತಡೆದುಕೊಳ್ಳಬಹುದು ಅಂತ ಮೊದಲೇ ತೀರ್ಮಾನ ಮಾಡಿ ಮಲಗಬೇಕು. ಅಂದಿನಿಂದ ಬಲವಾದ ತಂಡ ಎದುರಾದಾಗಲೆಲ್ಲ ನಾನು ಕೇಳಿಕೊಳ್ಳುವ ಪ್ರಶ್ನೆ ಬೇರೆ. ಇವರಿಗೆ ಏನು ಬಿಟ್ಟುಕೊಡೋದು?

ಅದನ್ನು ಮನೆಯಲ್ಲಿ ಕೂತು ತೀರ್ಮಾನಿಸೋಕೆ ಆಗುವುದಿಲ್ಲ. ನೋಡಬೇಕು. ಅದೇ ವಾರ ಆ ತಂಡ ಟಿಳಕವಾಡಿಯ ಲೇಲೆ ಮೈದಾನದಲ್ಲಿ ಇನ್ನೊಂದು ಪಂದ್ಯ ಆಡುತ್ತಿತ್ತು. ಶಾಲೆ ಬಿಟ್ಟ ಕೂಡಲೇ ಇಬ್ಬರು ಹುಡುಗರನ್ನು ಕರೆದುಕೊಂಡು ಹೋದೆ. ಒಬ್ಬ ನಮ್ಮ ಕ್ಯಾಪ್ಟನ್, ಆರನೇ ನಂಬರ್. ಇನ್ನೊಬ್ಬ ರೈಟ್ ಬ್ಯಾಕ್, ಎರಡನೇ ನಂಬರ್. ಇಬ್ಬರಿಗೂ ಒಂದೇ ಷರತ್ತು: ಬಾಲ್ ನೋಡುವ ಹಾಗಿಲ್ಲ. ಆರನೇ ನಂಬರ್ ಅವರ ಎಂಟನೇ ನಂಬರಿನ ಹುಡುಗನನ್ನು ಮಾತ್ರ ನೋಡಬೇಕು. ಎರಡನೇ ನಂಬರ್ ಅವರ ವಿಂಗರ್‌ಗಳು ಅಂಚಿನಿಂದ ಗೋಲಿನ ಮುಂದಕ್ಕೆ ಹಾಕುವ ಬಾಲುಗಳನ್ನು, ಅಂದರೆ ಕ್ರಾಸ್‌ಗಳನ್ನು, ಎಣಿಸಬೇಕು. ಬಾಲ್ ನೋಡದೆ ಪಂದ್ಯ ನೋಡೋದು ಎಷ್ಟು ಕಷ್ಟ ಅಂತ ನೀವೂ ಒಮ್ಮೆ ಪ್ರಯತ್ನಿಸಿ. ಐದು ನಿಮಿಷಕ್ಕೆ ಕಣ್ಣು ಸೋಲುತ್ತದೆ. ಆದರೆ ಬಾಲಿನ ಹಿಂದೆ ಹೋದ ಕಣ್ಣಿಗೆ ಕಾಣದ ಎಷ್ಟೋ ಸಂಗತಿ ಆಗ ಕಾಣುತ್ತವೆ.

ಇಬ್ಬರೂ ಒಳ್ಳೆ ಕೆಲಸ ಮಾಡಿದರು. ಎಂಟನೇ ನಂಬರ್ ಎಡಗಾಲಿನ ಹುಡುಗ, ತಂಡದ ಜೀವವೇ ಅವನು. ಬೆನ್ನು ಎದುರಾಳಿ ಗೋಲಿನ ಕಡೆ ಇಟ್ಟುಕೊಂಡು ಬಾಲ್ ತೆಗೆದುಕೊಳ್ಳುತ್ತಾನೆ, ತಿರುಗುತ್ತಾನೆ, ಒಂದು ಪಾಸ್ ಕೊಡುತ್ತಾನೆ, ಎದುರು ತಂಡದ ಡಿಫೆನ್ಸ್ ಎರಡು ಹೋಳಾಗುತ್ತದೆ. "ಸರ, ಅಂವ ಬರೇ ಎಡಕ್ಕ ತಿರುಗ್ತಾನ್ರೀ. ಬಲಕ್ಕ ಒಂದ ಸಲಾನೂ ತಿರುಗಲಿಲ್ಲ" ಅಂದ ನಮ್ಮ ಕ್ಯಾಪ್ಟನ್. ಇದು ನನ್ನ ಕಣ್ಣಿಗೆ ಬಿದ್ದಿರಲಿಲ್ಲ. ಎರಡನೇ ನಂಬರಿನವನ ಲೆಕ್ಕ ಇನ್ನೂ ಉಪಯೋಗಕ್ಕೆ ಬಂತು. ಹನ್ನೊಂದು ಕ್ರಾಸ್, ಅದರಲ್ಲಿ ಅವರ ಹುಡುಗರಿಗೆ ಮುಟ್ಟಿದ್ದು ಎರಡು. ಉಳಿದವು ಮೊದಲನೇ ಡಿಫೆಂಡರ್‌ಗೆ ಬಡಿದವು, ಇಲ್ಲವೇ ಗೋಲ್‌ಕೀಪರ್ ಕೈಗೆ ಹೋದವು, ಇಲ್ಲವೇ ಆಚೆ ಲೈನ್ ದಾಟಿದವು.

ನಾನು ನೋಡಿದ್ದು ಅವರ ಹಿಂದಿನ ಸಾಲನ್ನು. ನಡುವೆ ನಿಲ್ಲುವ ಇಬ್ಬರು ಡಿಫೆಂಡರ್‌ಗಳು, ಅಂದರೆ ಸ್ಟಾಪರ್‌ಗಳು, ಇಬ್ಬರೂ ಎತ್ತರ, ತಲೆಯಿಂದ ಹೊಡೆಯುವ ಹೆಡರ್‌ನಲ್ಲಿ ಗಟ್ಟಿ. ಆದರೆ ಬಾಲ್ ಅವರ ಬೆನ್ನ ಹಿಂದೆ ಬಿದ್ದರೆ ತಿರುಗೋಕೆ ಟೈಮ್ ಬೇಕು. ಲೆಫ್ಟ್ ಬ್ಯಾಕ್ ಆಡುತ್ತಿದ್ದವನು ಬಲಗಾಲಿನವನು. ಬಾಲ್ ಬಂದಾಗಲೆಲ್ಲ ಒಂದು ಟಚ್ ಜಾಸ್ತಿ ತೆಗೆದುಕೊಂಡು ಒಳಕ್ಕೆ ತಿರುಗುತ್ತಿದ್ದ. ಬಾಲ್ ಗೋಲ್ ಲೈನ್ ದಾಟಿ ಹೊರಗೆ ಹೋದ ಮೇಲೆ ಗೋಲ್‌ಕೀಪರ್ ಒದ್ದು ಆಟ ಶುರು ಮಾಡುವ ಗೋಲ್‌ಕಿಕ್ ಹೋಗೋದು ಹೆಚ್ಚಾಗಿ ಅವನಿಗೇ. 2019ರಿಂದ ಗೋಲ್‌ಕಿಕ್ ಬಾಲನ್ನು ಅದೇ ತಂಡದವನು ಬಾಕ್ಸ್, ಅಂದರೆ ಗೋಲಿನ ಮುಂದೆ ಗೆರೆ ಹಾಕಿದ ಜಾಗ, ಅದರ ಒಳಗೇ ತೆಗೆದುಕೊಳ್ಳಬಹುದು ಅಂತ ನಿಯಮ ಬಂದಿದೆಯಲ್ಲ, ಟಿವಿಯಲ್ಲಿ ನೋಡಿ ಶಾಲಾ ತಂಡಗಳೂ ಗೋಲಿನ ಮುಂದಿನಿಂದಲೇ ಸಣ್ಣ ಪಾಸ್ ಶುರು ಮಾಡುತ್ತವೆ. ನಮ್ಮಂಥವರಿಗೆ ಇದು ಒಂದು ಉಪಕಾರ.

ವಾಪಸ್ ಬರುವಾಗ ಮಳೆ. ಒಂದು ಅಂಗಡಿಯ ಕೆಳಗೆ ನಿಂತು ಚಹಾ ಕುಡಿಯುತ್ತಾ ಮೂವರೂ ತೀರ್ಮಾನ ಮಾಡಿದೆವು. ವಿಂಗ್ ಬಿಟ್ಟುಕೊಡೋದು. ಬಾಲ್ ಕೂಡ ಅವರಿಗೇ ಬಿಟ್ಟುಕೊಡೋದು, ಬೇಕಾದಷ್ಟು ಹೊತ್ತು ಇಟ್ಟುಕೊಳ್ಳಲಿ. ಬಿಟ್ಟುಕೊಡಬಾರದ್ದು ಎರಡು: ಗೋಲಿನ ಎದುರಿನ ನಡುಜಾಗ, ಮತ್ತೆ ಎಂಟನೇ ನಂಬರಿನವನ ಎಡಗಡೆ.

"ಸರ, ವಿಂಗ್ ಪೂರಾ ಖಾಲಿ ಬಿಡೋದೇನ್ರಿ?" ಎರಡನೇ ನಂಬರಿನವನಿಗೆ ಸಮಾಧಾನವಿಲ್ಲ. ಅವನು ರೈಟ್ ಬ್ಯಾಕ್. ತನ್ನ ಕಡೆಯಿಂದ ಒಬ್ಬ ಓಡಿ ಬರುತ್ತಿದ್ದರೆ ಹೋಗಿ ಮೇಲೆ ಬೀಳಬೇಕು ಅಂತಲೇ ಅವನು ಕಲಿತದ್ದು, ನಾನೇ ಕಲಿಸಿದ್ದು.

"ಲೈನ್ ಹತ್ರ ಇರೋ ತನಕ ಬಿಡು. ಅಲ್ಲಿಂದ ಅಂವ ಗೋಲ್ ಹೊಡಿಯಂಗಿಲ್ಲ. ಒಳಗ ಬಂದ್ರ ಆಗ ನಿಂದು" ಅಂದೆ.

ಈ ಮಾತು ನೆನಪಿರಲಿ. ಮುಂದೆ ಇದು ನನ್ನ ಎದುರಿಗೇ ಬಂದು ನಿಂತಿತು.

ಮರುದಿನ ಕಂಪ್ಯೂಟರ್ ರೂಮಿನಲ್ಲಿ ಎಲ್ಲರನ್ನೂ ಕೂರಿಸಿ ಒಂದು ಹಳೇ ಪಂದ್ಯದ ತುಣುಕುಗಳನ್ನು ತೋರಿಸಿದೆ. 2019ರ ಸೆಪ್ಟೆಂಬರ್ 10, ದೋಹಾದಲ್ಲಿ ಭಾರತ-ಕತಾರ್ ವಿಶ್ವಕಪ್ ಅರ್ಹತಾ ಪಂದ್ಯ. ಕತಾರ್ ಅದೇ ವರ್ಷ ಏಷ್ಯನ್ ಕಪ್ ಗೆದ್ದಿದ್ದ ತಂಡ. ನಮಗೆ ಅವತ್ತು ಸುನಿಲ್ ಛೆಟ್ರಿ ಇರಲಿಲ್ಲ. ಕತಾರ್ ಇಪ್ಪತ್ತಕ್ಕೂ ಹೆಚ್ಚು ಸಲ ಗೋಲಿನತ್ತ ಹೊಡೆಯಿತು. ಗೋಲಿನಲ್ಲಿ ಕ್ಯಾಪ್ಟನ್ ಗುರ್‌ಪ್ರೀತ್ ಸಿಂಗ್ ಸಂಧು ನಿಂತಿದ್ದರು. ಪಂದ್ಯ 0-0. ಬೆಂಗಳೂರು ಎಫ್‌ಸಿ ನೋಡುವ ನಮ್ಮ ಹುಡುಗರಿಗೆ ಸಂಧು ಪರಿಚಯದ ಮುಖ. ಸಂಧು ಗೋಲು ತಡೆದದ್ದನ್ನು ನೋಡಿ ಹುಡುಗರು ಚಪ್ಪಾಳೆ ಹೊಡೆದರು. ನಾನು ಮಾತ್ರ ವಿಡಿಯೋ ನಿಲ್ಲಿಸಿ ನಿಲ್ಲಿಸಿ ಬೇರೆಯದನ್ನು ತೋರಿಸಿದೆ. ಬಾಲ್ ಎಲ್ಲಿದೆ ನೋಡಿ, ಇವರು ಎಲ್ಲಿದ್ದಾರೆ ನೋಡಿ. ಬಾಲ್ ಲೈನಿನ ಹತ್ತಿರ ಇದ್ದಾಗಲೂ ನಮ್ಮವರು ನಡುವೆ ಹೇಗೆ ಒತ್ತಾಗಿ ನಿಂತಿದ್ದಾರೆ ನೋಡಿ.

ಇನ್ನೊಂದನ್ನೂ ಹೇಳಿದೆ. ಇದೇ ಭಾರತ ತಂಡ ಐದು ದಿನ ಹಿಂದೆ ಗುವಾಹಟಿಯಲ್ಲಿ ಓಮನ್ ವಿರುದ್ಧ 1-0 ಮುಂದಿತ್ತು. ಎಂಬತ್ತು ನಿಮಿಷ ದಾಟುವ ತನಕ ಮುಂದಿತ್ತು. ಕೊನೆಯಲ್ಲಿ ಎರಡು ಗೋಲು ಬಿಟ್ಟು 2-1 ಸೋತಿತು. ಐದು ದಿನದಲ್ಲಿ ಅದೇ ಮನುಷ್ಯರು. ಹುಡುಗರು ಇದನ್ನು ತುಂಬ ಹೊತ್ತು ಮಾತಾಡಿದರು.

ಒಬ್ಬ ಎದ್ದು ನಿಂತು, ಸರ, ನಾವು ಸೌದಿಯವರ ಹಾಗೆ ಆಫ್‌ಸೈಡ್ ಟ್ರ್ಯಾಪ್ ಹಾಕೋಣ ಅಂದ. ಅಂದರೆ ಡಿಫೆಂಡರ್‌ಗಳು ಒಟ್ಟಿಗೇ ಮುಂದೆ ಬಂದು ಎದುರಾಳಿ ಫಾರ್ವರ್ಡ್‌ನನ್ನು ತಮ್ಮ ಬೆನ್ನ ಹಿಂದೆ ಬಿಡೋದು, ಅಲ್ಲಿದ್ದವನಿಗೆ ಪಾಸ್ ಹೋದರೆ ಅದು ಆಫ್‌ಸೈಡ್. 2022ರ ವಿಶ್ವಕಪ್‌ನಲ್ಲಿ ಸೌದಿ ಅರೇಬಿಯಾ ಅರ್ಜೆಂಟೀನಾವನ್ನು 2-1 ಸೋಲಿಸಿದ್ದು ಇವರಿಗೆಲ್ಲ ಬಾಯಿಪಾಠ. ಮೊದಲ ಅರ್ಧದಲ್ಲೇ ಅರ್ಜೆಂಟೀನಾದ ಮೂರು ಗೋಲು ಆಫ್‌ಸೈಡ್ ಅಂತ ಹೋದವು. ಸೌದಿ ಡಿಫೆಂಡರ್‌ಗಳು ಅಷ್ಟು ಮುಂದೆ ಬಂದು ಒಂದೇ ಸಾಲಿನಲ್ಲಿ ನಿಂತಿದ್ದರು. ಎಂಥ ಧೈರ್ಯ! ಆದರೂ ನಾನು ಬೇಡ ಅಂದೆ. ಆ ನಾಲ್ಕು ಜನ ಒಂದೇ ಕ್ಷಣಕ್ಕೆ ಒಂದೇ ಹೆಜ್ಜೆ ಇಡಬೇಕು. ಒಬ್ಬ ಎರಡು ಹೆಜ್ಜೆ ಹಿಂದೆ ಉಳಿದರೆ ಮುಗಿಯಿತು, ಅವರ ಫಾರ್ವರ್ಡ್ ಒಬ್ಬನೇ ಗೋಲ್‌ಕೀಪರ್ ಎದುರಿಗೆ. ಅದಕ್ಕೆ ತಿಂಗಳುಗಟ್ಟಲೆ ಅಭ್ಯಾಸ ಬೇಕು, ಹತ್ತು ದಿನ ಸಾಲದು. ಮೇಲಾಗಿ ಶಾಲಾ ಪಂದ್ಯದಲ್ಲಿ ಲೈನಿನಲ್ಲಿ ಬಾವುಟ ಹಿಡಿದು ನಿಲ್ಲುವವರು ಯಾವಾಗಲೂ ತರಬೇತಿ ಪಡೆದವರೇ ಆಗಿರುತ್ತಾರೆ ಅಂತ ಹೇಳೋಕಾಗುವುದಿಲ್ಲ. ಇನ್ನೊಬ್ಬರ ಕಣ್ಣನ್ನು ನಂಬಿ ನಮ್ಮ ಮನೆ ಬಾಗಿಲು ತೆರೆದಿಡೋದು ಬೇಡ.

ಇನ್ನು ಅಭ್ಯಾಸದ ಮಾತು. ನಾವು ಮಾಮೂಲಿಯಾಗಿ 4-4-2 ಆಡುತ್ತೇವೆ, ಅಂದರೆ ಹಿಂದೆ ನಾಲ್ವರು, ನಡುವೆ ನಾಲ್ವರು, ಮುಂದೆ ಇಬ್ಬರು. ಈ ಪಂದ್ಯಕ್ಕೆ ಒಬ್ಬ ಫಾರ್ವರ್ಡ್ ಕಡಿಮೆ ಮಾಡಿ 4-1-4-1ಕ್ಕೆ ಬಂದೆವು. ನಾಲ್ಕು ಡಿಫೆಂಡರ್‌ಗಳ ಮುಂದೆ ಒಬ್ಬನೇ ನಿಲ್ಲುವವನು ನಮ್ಮ ಕ್ಯಾಪ್ಟನ್. ಅವನಿಗೆ ಒಂದೇ ಕೆಲಸ. ಎಂಟನೇ ನಂಬರಿನವನಿಗೆ ಬಾಲ್ ಬಂದರೆ ಅವನ ಎಡಗಡೆ ಹೋಗಿ ನಿಲ್ಲೋದು. ಬಾಲ್ ಕಸಿಯೋಕೆ ಹೋಗಬಾರದು, ತಿರುಗೋಕೆ ಬಿಡಬಾರದು. ಅಷ್ಟು ಮಾಡಿದರೆ ಅವನು ಬಾಲನ್ನು ಹಿಂದಕ್ಕೆ ಕೊಡಲೇಬೇಕು. ಎದುರಾಳಿಯ ಒಳ್ಳೆ ಆಟಗಾರನ ಕಾಲಿಗೆ ಮೊದಲ ಐದು ನಿಮಿಷದಲ್ಲೇ ಒಂದು ಬಿಗಿದುಬಿಡು ಅಂತ ಮಕ್ಕಳಿಗೆ ಹೇಳಿಕೊಡುವವರನ್ನು ನೋಡಿದ್ದೇನೆ. ನನಗೆ ಅದು ಆಗುವುದಿಲ್ಲ. ಆ ಎಂಟನೇ ನಂಬರ್ ಹುಡುಗನೂ ಹತ್ತನೇ ಕ್ಲಾಸೇ. ಅವನ ಆಟ ನೋಡೋಕೆ ಕಣ್ಣಿಗೆ ಹಬ್ಬ.

ಹಿಂದಿನ ನಾಲ್ಕು ಜನ ಒತ್ತಾಗಿ ನಿಲ್ಲಬೇಕು ಅಂತ ಹೇಳೋದು ಸುಲಭ. ಬಾಲ್ ಎಡಕ್ಕೆ ಹೋದ ಕೂಡಲೇ ಲೆಫ್ಟ್ ಬ್ಯಾಕ್ ಅದರ ಹಿಂದೆ ಓಡುತ್ತಾನೆ. ಅವನಿಗೂ ಸ್ಟಾಪರ್‌ಗೂ ನಡುವೆ ಎತ್ತಿನ ಬಂಡಿ ಹೋಗುವಷ್ಟು ಸಂದು. ಬಲವಾದ ತಂಡ ಕಾಯುವುದೇ ಆ ಸಂದಿಗಾಗಿ. ಬಾಯಲ್ಲಿ ಹೇಳಿ ಹೇಳಿ ಸಾಕಾಯಿತು. ಕೊನೆಗೆ ಒಬ್ಬ ಹುಡುಗನಿಗೆ, ನಿಮ್ಮ ಮನೆಯಲ್ಲಿ ಕಣಕಿ ಕಟ್ಟುವ ಹಗ್ಗ ಇದ್ದರೆ ತಗೊಂಡು ಬಾ ಅಂದೆ. ಏಳೇಳು ಮೀಟರಿಗೆ ಗಂಟು ಹಾಕಿ ನಾಲ್ವರ ಕೈಗೂ ಕೊಟ್ಟೆ. ಸೊಂಟಕ್ಕೆ ಕಟ್ಟಲಿಲ್ಲ, ಒಬ್ಬ ಬಿದ್ದರೆ ಎಲ್ಲರೂ ಬೀಳುತ್ತಾರೆ. ಕೈಯಲ್ಲಿ ಹಿಡಿದುಕೊಂಡೇ ಬಾಲಿನ ಜೊತೆ ಎಡಕ್ಕೆ, ಬಲಕ್ಕೆ, ಮುಂದಕ್ಕೆ, ಹಿಂದಕ್ಕೆ ಸರಿಯಬೇಕು. ಹಗ್ಗ ಬಿಗಿಯಾಗಿ ಎಳೆದರೆ ಯಾರೋ ಒಬ್ಬ ಹೊರಗೆ ಹೋಗಿದ್ದಾನೆ. ನೆಲಕ್ಕೆ ಜೋತುಬಿದ್ದರೆ ಇಬ್ಬರು ಒಬ್ಬರ ಮೇಲೊಬ್ಬರು ಬಂದಿದ್ದಾರೆ. ನಾಲ್ವರೂ ಸರಿಯಾಗಿ ನಿಂತರೆ ಈ ತುದಿಯಿಂದ ಆ ತುದಿಗೆ ಇಪ್ಪತ್ತೊಂದು ಮೀಟರ್. ಬಾಕ್ಸ್‌ನ ಅಗಲ ನಲವತ್ತು ಮೀಟರ್, ಗೋಲಿನ ಅಗಲ ಏಳು ಮೀಟರ್ ಚಿಲ್ಲರೆ. ಗೋಲಿನ ಮುಂದಿನ ನಡುಜಾಗ ಆಗ ಪೂರ್ತಿ ನಮ್ಮದು.

ಮೊದಲ ದಿನ ಬರೀ ಬೈದಾಟ. "ಏ, ಎಳಿಬ್ಯಾಡಲೇ!" "ನೀನ ಸರಿ ಈ ಕಡೆ!" ಮೂರನೇ ದಿನಕ್ಕೆ ಬೈಗುಳ ನಿಂತಿತು. ನಾಲ್ಕನೇ ದಿನ ಹಗ್ಗ ತೆಗೆದೆ. ಹಗ್ಗವಿಲ್ಲದೆಯೂ ನಾಲ್ವರೂ ಒಟ್ಟಿಗೇ ಸರಿದರು. ಎರಡನೇ ನಂಬರಿನವನ ಕೈ ನೋಡಿದೆ. ಮುಷ್ಟಿ ಹಾಗೇ ಬಿಗಿಯಾಗಿತ್ತು, ಇನ್ನೂ ಹಗ್ಗ ಹಿಡಿದವನ ಹಾಗೆ.

ಇನ್ನೊಂದು ತೊಂದರೆ ಇತ್ತು, ಅದು ನಮ್ಮ ಊರಿನದೇ. ನಮ್ಮ ತಂಡದಲ್ಲಿ ಮನೆಯಲ್ಲಿ ಕನ್ನಡ ಮಾತಾಡುವವರಿದ್ದಾರೆ, ಮರಾಠಿ ಮಾತಾಡುವವರಿದ್ದಾರೆ, ಉರ್ದು ಮಾತಾಡುವವರಿದ್ದಾರೆ. ದಿನಾ ಒಟ್ಟಿಗಿರುವ ಹುಡುಗರು, ಮೂರೂ ಎಲ್ಲರಿಗೂ ಅರ್ಥವಾಗುತ್ತವೆ. ಆದರೆ ಜೀವಕ್ಕೆ ಬಂದಾಗ ಬಾಯಿಂದ ಹೊರಡುವುದು ಮನೆಯ ಮಾತು. ಬಾಕ್ಸ್‌ನಲ್ಲಿ ಗಡಿಬಿಡಿಯಾದಾಗ ಒಬ್ಬ "ತಡಿ" ಅಂತಾನೆ, ಒಬ್ಬ "ಥಾಂಬ್" ಅಂತಾನೆ, ಗೋಲ್‌ಕೀಪರ್ "ರುಕ್" ಅಂತಾನೆ. ಮೂರೂ ಒಂದೇ ಅರ್ಥ. ಆದರೂ ಕಿವಿಗೆ ಮೂರು ಬೇರೆ ಸದ್ದು ಬಿದ್ದರೆ ಕಾಲು ಅರೆಕ್ಷಣ ತಡಮಾಡುತ್ತದೆ. ಅರೆಕ್ಷಣ ಅಂದರೆ ಒಂದು ಗೋಲು.

ಮೂರು ಮಾತು ಮಾತ್ರ ಇಟ್ಟುಕೊಳ್ಳಿ, ನೀವೇ ಆರಿಸಿ ಅಂದೆ. ಕಟ್ಟೆಯ ಮೇಲೆ ಕೂತು ಅರ್ಧ ಗಂಟೆ ಚರ್ಚೆ ಮಾಡಿದರು. ನಡುವೆ ಒತ್ತಾಗಿ ಬನ್ನಿ ಅನ್ನೋದಕ್ಕೆ "ಒಳಗ". ಮುನ್ನುಗ್ಗಿ ಕಾಲು ಹಾಕಬೇಡ, ಎದುರಿಗೆ ನಿಂತು ತಡಮಾಡಿಸು ಅನ್ನೋದಕ್ಕೆ "ಥಾಂಬ್". ಈಗ ಎಲ್ಲರೂ ಸೇರಿ ಅವರ ಮೇಲೆ ಏರು ಅನ್ನೋದಕ್ಕೆ "ಚಲ್". ಮೂರೂ ಮನೆಯ ಮಾತು ಬಂದಿತ್ತು. ನಾನು ಹೇಳಿಕೊಟ್ಟಿದ್ದರೆ ಇಷ್ಟು ಚಂದ ಆಗುತ್ತಿರಲಿಲ್ಲ.

"ಚಲ್" ಅನ್ನೋದು ಯಾವಾಗ? ಇದನ್ನೂ ಒಂದೇ ಸಂದರ್ಭಕ್ಕೆ ಕಟ್ಟಿಹಾಕಿದೆವು. ಅವರ ಗೋಲ್‌ಕೀಪರ್ ಆ ಬಲಗಾಲಿನ ಲೆಫ್ಟ್ ಬ್ಯಾಕ್‌ಗೆ ಬಾಲ್ ಕೊಟ್ಟಾಗ ಮಾತ್ರ. ಅವನು ಒಂದು ಟಚ್ ಜಾಸ್ತಿ ತೆಗೆದುಕೊಳ್ಳುತ್ತಾನಲ್ಲ, ಅಷ್ಟರಲ್ಲಿ ನಮ್ಮ ಮೂವರು ಅಲ್ಲಿರಬೇಕು. ಬೇರೆ ಯಾವಾಗಲೂ ಮೇಲೇರಬಾರದು. ಹದಿನೈದು ವರ್ಷದ ಹುಡುಗರಿಗೆ ಓಡಬೇಡ ಅಂತ ಹೇಳುವುದೇ ದೊಡ್ಡ ಕೆಲಸ. ಓಡದಿದ್ದರೆ ಹೆದರಿದ್ದಾರೆ ಅಂತ ಜನ ಅಂದುಕೊಳ್ಳುತ್ತಾರೆ ಅನ್ನೋದು ಅವರ ಚಿಂತೆ.

ಬಾಲ್ ಸಿಕ್ಕ ಮೇಲೆ ಏನು ಅನ್ನೋದಕ್ಕೆ ಎರಡು ದಿನ ಕೊಟ್ಟೆವು. ಸಿಕ್ಕ ಬಾಲನ್ನು ದಿಕ್ಕಾಪಾಲು ಒದ್ದರೆ ಅದು ಮತ್ತೆ ಅವರಿಗೇ. ಮೊದಲ ಪಾಸ್ ಹತ್ತಿರದವನಿಗೆ, ಎರಡನೇ ಪಾಸ್ ಅವರ ಸ್ಟಾಪರ್‌ಗಳ ಬೆನ್ನ ಹಿಂದೆ. ಒಂಬತ್ತನೇ ನಂಬರಿನವನು ಏನೇ ಆದರೂ ಕೆಳಗೆ ಬರಬಾರದು, ಕೊನೆಯ ನಿಮಿಷದಲ್ಲೂ. ಎಲ್ಲರೂ ಬಾಕ್ಸ್ ಒಳಗೆ ಬಂದು ಕೂತರೆ ಅವರ ಇಬ್ಬರು ಸ್ಟಾಪರ್‌ಗಳೂ ಮೇಲೆ ಬರುತ್ತಾರೆ. ಆಮೇಲೆ ಉಸಿರಾಡೋಕೂ ಜಾಗ ಇರುವುದಿಲ್ಲ.

ಮೈದಾನದ ಮೂಲೆಯಿಂದ ಒದೆಯುವ ಕಾರ್ನರ್‌ಗಳನ್ನು ಮಾತ್ರ ದಿನಾ ಮಾಡಿಸಿದೆ. ಸಣ್ಣ ತಂಡಕ್ಕೆ ಕಾರ್ನರ್ ಅಂದರೆ ದೇವರು ಕೊಟ್ಟ ಪ್ರಸಾದ. ಬಾಲ್ ನಿಂತಿರುತ್ತದೆ, ಯಾರೂ ಕಸಿಯುವುದಿಲ್ಲ, ನೀನು ಬಯಸಿದ ಜಾಗದಲ್ಲಿ ನಿನ್ನ ಹುಡುಗರು ನಿಂತಿರುತ್ತಾರೆ. 2004ರ ಯೂರೋ ಕಪ್‌ನಲ್ಲಿ ಗ್ರೀಸ್ ಕ್ವಾರ್ಟರ್ ಫೈನಲ್‌ನಲ್ಲಿ ಫ್ರಾನ್ಸ್, ಸೆಮಿಫೈನಲ್‌ನಲ್ಲಿ ಚೆಕ್ ಗಣರಾಜ್ಯ, ಫೈನಲ್‌ನಲ್ಲಿ ಪೋರ್ಚುಗಲ್ ತಂಡಗಳನ್ನು ಸೋಲಿಸಿತು. ಮೂರೂ ಪಂದ್ಯ 1-0. ಮೂರೂ ಗೋಲು ಹೆಡರ್. ಕೊನೆಯ ಎರಡು ಕಾರ್ನರ್‌ನಿಂದಲೇ ಬಂದವು. ನಮ್ಮಲ್ಲಿ ಎತ್ತರದ ಹುಡುಗರಿಲ್ಲ. ಹಾಗಾಗಿ ಗೋಲಿನ ಹತ್ತಿರದ ಕಂಬಕ್ಕೆ ರಭಸವಾಗಿ ಕೆಳಮಟ್ಟದ ಬಾಲ್, ಅಲ್ಲಿ ಒಬ್ಬ ತಲೆ ತಾಗಿಸಿ ಹಿಂದಕ್ಕೆ ಜಾರಿಸೋದು, ಹಿಂದಿನ ಕಂಬದ ಹತ್ತಿರ ನಾಲ್ಕನೇ ನಂಬರ್ ಬಂದು ಮುಗಿಸೋದು. ದಿನಕ್ಕೆ ಇಪ್ಪತ್ತು ಸಲ. ಇಪ್ಪತ್ತರಲ್ಲಿ ಮೂರು ಸರಿಯಾದರೆ ಹೆಚ್ಚು. ಪಂದ್ಯಕ್ಕೆ ಒಂದು ಸಾಕು.

ಭಯದ ಬಗ್ಗೆ ಏನು ಹೇಳಲಿ? ಆ ತಂಡ ಬಸ್ಸಿನಿಂದ ಇಳಿಯೋದನ್ನು ನೋಡಿದರೆ ಸಾಕು, ನಮ್ಮವರ ಮುಖ ಸಣ್ಣದಾಗುತ್ತದೆ. ಒಂದೇ ಬಣ್ಣದ ಬ್ಯಾಗು, ಹೊಸ ಬೂಟು. ಅವರೇನು ದೊಡ್ಡವರಲ್ಲ, ನಿಮ್ಮ ಹಾಗೇ ಅಂತ ನಾನು ಹೇಳುವುದಿಲ್ಲ. ಅದು ಸುಳ್ಳು. ಮಕ್ಕಳಿಗೆ ಸುಳ್ಳು ಕೂಡಲೇ ಗೊತ್ತಾಗುತ್ತದೆ, ಆಮೇಲೆ ನೀವು ಹೇಳುವ ನಿಜವನ್ನೂ ಅವರು ನಂಬುವುದಿಲ್ಲ. ಹಿಂದಿನ ಸಂಜೆ ಹೇಳಿದ್ದು ಇಷ್ಟೇ. ಅವರು ನಮಗಿಂತ ಒಳ್ಳೆ ಆಟಗಾರರು. ಬಾಲ್ ಜಾಸ್ತಿ ಹೊತ್ತು ಅವರ ಹತ್ತಿರ ಇರುತ್ತದೆ. ಹಾಗಾದಾಗ ಗಾಬರಿ ಬೇಡ, ಅದು ನಾವೇ ಕೊಟ್ಟದ್ದು.

ಪಂದ್ಯದ ದಿನ ಬೆಳಿಗ್ಗೆ ಹನಿಹನಿ ಮಳೆ. ಆಗಸ್ಟ್‌ನಲ್ಲಿ ಬೆಳಗಾವಿ ಅಂದರೆ ಕೇಳಬೇಕೆ? ಒಂದು ಗಂಟೆ ಮೊದಲೇ ಹೋಗಿ ಹುಡುಗರ ಜೊತೆ ಮೈದಾನವನ್ನು ಪೂರ್ತಿ ನಡೆದು ನೋಡಿದೆ. ಕೆಂಪು ಮಣ್ಣು, ಒಂದು ತುದಿಯ ಗೋಲಿನ ಮುಂದೆ ನೀರು ನಿಂತಿತ್ತು. ಬಾಲ್ ಉರುಳಿಸಿದರೆ ಅಲ್ಲೇ ಸಿಕ್ಕಿಹಾಕಿಕೊಳ್ಳುತ್ತಿತ್ತು. ಸಣ್ಣ ಪಾಸ್ ಆಡುವ ತಂಡಕ್ಕೆ ಅದು ಶತ್ರು. ಟಾಸ್ ಗೆದ್ದವರು ಮೊದಲ ಅರ್ಧಕ್ಕೆ ಯಾವ ಗೋಲಿನ ಕಡೆ ಆಡಬೇಕು ಅನ್ನೋದನ್ನು ಆರಿಸಿಕೊಳ್ಳಬಹುದು. ಗೆದ್ದರೆ ಆ ನೀರಿನ ಗೋಲನ್ನು ಮೊದಲು ನಾವು ಕಾಯೋಣ ಅಂತ ಕ್ಯಾಪ್ಟನ್‌ಗೆ ಹೇಳಿದೆ. ಮೊದಲ ಇಪ್ಪತ್ತೈದು ನಿಮಿಷ ಗೋಲು ಬೀಳದಿದ್ದರೆ ಹುಡುಗರ ಎದೆ ಗಟ್ಟಿಯಾಗುತ್ತದೆ. ಟಾಸ್ ಗೆದ್ದ.

ಮೊದಲ ಅರ್ಧ ನಾವು ಅಂದುಕೊಂಡ ಹಾಗೇ ನಡೆಯಿತು. ನಿಜ ಹೇಳಬೇಕೆಂದರೆ, ಅಂದುಕೊಂಡದ್ದು ಹಾಗೇ ನಡೆಯುವುದನ್ನು ನಾನು ಅಲ್ಲಿಯವರೆಗೆ ನೋಡಿರಲೇ ಇಲ್ಲ. ಎಂಟನೇ ನಂಬರಿನವನು ಎಡಕ್ಕೆ ತಿರುಗಿದಾಗಲೆಲ್ಲ ನಮ್ಮ ಕ್ಯಾಪ್ಟನ್ ಅಲ್ಲಿದ್ದ. "ಒಳಗ, ಒಳಗ" ಅನ್ನೋ ಕೂಗು ಮಳೆಯಲ್ಲೂ ಕೇಳುತ್ತಿತ್ತು. ಕ್ರಾಸ್ ಬಂದವು, ಬಡಿದು ಹೊರಗೆ ಹೋದವು. 0-0.

ಎರಡನೇ ಅರ್ಧದ ಏಳೆಂಟು ನಿಮಿಷವಾಗಿತ್ತು. ಅವರ ವಿಂಗರ್ ಲೈನ್ ಪಕ್ಕದಲ್ಲಿ ಬಾಲ್ ತೆಗೆದುಕೊಂಡ. ಎರಡನೇ ನಂಬರಿನವನು ಹೋಗಲಿಲ್ಲ. ಮುಷ್ಟಿ ಬಿಗಿಹಿಡಿದು, ತನ್ನ ಏಳು ಮೀಟರ್ ಬಿಡದೆ ನಿಂತ. ವಿಂಗರ್ ತಲೆ ಎತ್ತಿ ನೋಡಿದ, ಅವನ ಮೈಮೇಲೆ ಯಾರೂ ಇರಲಿಲ್ಲ, ನಿಧಾನಕ್ಕೆ ಅಳೆದು ಕ್ರಾಸ್ ಹಾಕಿದ. ಅದು ಹನ್ನೊಂದರಲ್ಲಿ ಎರಡು ಅನ್ನುವ ಲೆಕ್ಕದ ಆ ಎರಡರಲ್ಲಿ ಒಂದು. ಹೆಡರ್. ಗೋಲು.

ಎರಡನೇ ನಂಬರಿನವನು ತಿರುಗಿ ನನ್ನನ್ನೇ ನೋಡಿದ. ಮೈದಾನದ ಆ ಕಡೆಯಿಂದಲೇ ಕೂಗಿದ. "ಸರ, ನೀವ ಬಿಡು ಅಂದಿದ್ರಿ!"

"ಹೌದು, ನಾನ ಅಂದಿದ್ದೆ. ಇನ್ನೂ ಹಂಗ ನಿಂದ್ರು" ಅಂತ ನಾನೂ ಕೂಗಿದೆ.

ಆ ಮಾತು ಬಾಯಿಂದ ಹೊರಡುವಾಗ ಹೊಟ್ಟೆಯಲ್ಲಿ ಏನಾಯಿತು ಅಂತ ಹೇಳೋಕೆ ಬರುವುದಿಲ್ಲ. ಯೋಜನೆ ಬದಲಿಸಿ ಅವನನ್ನು ವಿಂಗ್‌ಗೆ ಓಡಿಸುವುದು ಸುಲಭವಿತ್ತು. ಓಡಿಸಿದ್ದರೆ ಆ ಸಂದಿನಲ್ಲಿ ಇನ್ನೂ ಎರಡು ಗೋಲು ಬೀಳುತ್ತಿದ್ದವು ಅಂತ ನನಗೆ ಇವತ್ತಿಗೂ ಅನಿಸುತ್ತದೆ. ಬಿಟ್ಟುಕೊಡುವುದು ಅಂದರೆ ಅದಕ್ಕೆ ಬೆಲೆ ಕೊಡಬೇಕಾಗಬಹುದು ಅಂತ ಒಪ್ಪಿಕೊಂಡೇ ಬಿಟ್ಟುಕೊಡುವುದು. ಬೆಲೆ ಕೊಟ್ಟದ್ದು ಮಾತ್ರ ಹದಿನೈದು ವರ್ಷದ ಹುಡುಗ, ಎಲ್ಲರ ಕಣ್ಣೆದುರಿಗೆ. ಅದಕ್ಕೇ ಎಲ್ಲರಿಗೂ ಕೇಳುವ ಹಾಗೆ ಕೂಗಿದೆ.

ಅವನು ಹಾಗೇ ನಿಂತ.

ಮುಗಿಯೋಕೆ ಆರು ನಿಮಿಷ ಇರುವಾಗ ಅವರ ಗೋಲ್‌ಕಿಕ್. ಲೆಫ್ಟ್ ಬ್ಯಾಕ್‌ಗೆ ಬಾಲ್ ಹೋಯಿತು, "ಚಲ್!" ಅಂತ ಯಾರೋ ಕಿರುಚಿದರು, ಮೂವರು ಏರಿದರು. ಅವನು ಗಾಬರಿಯಾಗಿ ಗೋಲ್ ಲೈನಿನ ಆಚೆ ಒದ್ದ. ಕಾರ್ನರ್. ಹತ್ತಿರದ ಕಂಬ, ಒಂದು ತಲೆ, ಹಿಂದೆ ನಾಲ್ಕನೇ ನಂಬರ್. ಬಾಲ್ ಅವನ ಮೊಣಕಾಲಿಗೋ ತೊಡೆಗೋ ತಾಗಿ ಒಳಗೆ ಹೋಯಿತು. ಇಪ್ಪತ್ತರಲ್ಲಿ ಮೂರು ಅಂದಿದ್ದೆನಲ್ಲ, ಅದರಲ್ಲಿ ಒಂದು. 1-1. ಅಲ್ಲಿಂದ ಸೀಟಿ ಊದುವ ತನಕ ನಾನು ಕೂತೆನೋ ನಿಂತೆನೋ ಗೊತ್ತಿಲ್ಲ.

ಆಮೇಲೆ ರೆಫರಿ ನನ್ನ ಹತ್ತಿರ ಬಂದು, ಸರ್, ಪೆನಾಲ್ಟಿಗೆ ಐದು ಜನರ ಹೆಸರು ಕೊಡಿ ಅಂದರು.

ನನ್ನ ಹತ್ತಿರ ಹೆಸರುಗಳಿರಲಿಲ್ಲ. ಹತ್ತು ದಿನದಲ್ಲಿ ನಾವು ಒಂದೇ ಒಂದು ಪೆನಾಲ್ಟಿ ಅಭ್ಯಾಸ ಮಾಡಿರಲಿಲ್ಲ. ಹಗ್ಗಕ್ಕೆ ಟೈಮ್ ಕೊಟ್ಟೆ, ಮಾತಿಗೆ ಕೊಟ್ಟೆ, ಕಾರ್ನರ್‌ಗೆ ಕೊಟ್ಟೆ. ಗೋಲ್‌ಕೀಪರ್‌ಗೆ ಅವರ ಯಾವ ಹುಡುಗ ಯಾವ ಕಡೆ ಹೊಡೆಯುತ್ತಾನೆ ಅಂತ ಹೇಳಿರಲಿಲ್ಲ, ನನಗೂ ಗೊತ್ತಿರಲಿಲ್ಲ. ನಾವು ಅಲ್ಲಿಯ ತನಕ ಬರುತ್ತೇವೆ ಅಂತ ನಾನೇ ನಂಬಿರಲಿಲ್ಲ. ಹುಡುಗರಿಗೆ ನಂಬಿ ಅಂತ ದಿನಾ ಹೇಳಿದವನು ನಾನು. ಅವರಿಗೆ ಏನೇನು ಬಿಟ್ಟುಕೊಡೋದು ಅಂತ ಅಷ್ಟೆಲ್ಲ ಯೋಚನೆ ಮಾಡಿ ಪಟ್ಟಿ ಮಾಡಿದ್ದೆ. ಆ ಪಟ್ಟಿಯಲ್ಲಿ ಬರೆಯದೇ ಇದನ್ನೂ ಬಿಟ್ಟುಕೊಟ್ಟಿದ್ದೆ.

1948ರ ಲಂಡನ್ ಒಲಿಂಪಿಕ್ಸ್‌ನಲ್ಲಿ ಭಾರತ ಫ್ರಾನ್ಸ್ ವಿರುದ್ಧ ಆಡಿದ ಕತೆಯನ್ನು ನಾನು ಪ್ರತಿ ವರ್ಷ ಹೊಸ ಹುಡುಗರಿಗೆ ಹೇಳುತ್ತೇನೆ. ನಮ್ಮವರಲ್ಲಿ ಹೆಚ್ಚಿನವರು ಬರಿಗಾಲಲ್ಲಿ ಆಡಿದರು. ನಮ್ಮ ಗೋಲು ಹೊಡೆದದ್ದು ಬೆಂಗಳೂರಿನ ಸಾರಂಗಪಾಣಿ ರಾಮನ್. ಪಂದ್ಯ 2-1 ಸೋತೆವು, ಕೊನೆಯ ಗಳಿಗೆಯಲ್ಲಿ. ಅದೇ ಪಂದ್ಯದಲ್ಲಿ ಭಾರತಕ್ಕೆ ಸಿಕ್ಕ ಎರಡು ಪೆನಾಲ್ಟಿಗಳೂ ಗೋಲಾಗಲಿಲ್ಲ. ಬರಿಗಾಲು, ರಾಮನ್ ಗೋಲು, ಇವೆರಡನ್ನೂ ಉಬ್ಬಿ ಹೇಳುತ್ತೇನೆ. ಪೆನಾಲ್ಟಿಯ ಮಾತು ಬಂದಾಗ ಬೇಗ ದಾಟಿ ಮುಂದೆ ಹೋಗುತ್ತೇನೆ. ಅವತ್ತು ಆ ಒದ್ದೆ ಮಣ್ಣಿನಲ್ಲಿ ನಿಂತಾಗ ಅದು ನೆನಪಾಯಿತು.

ಯಾರು ಹೊಡೆಯುತ್ತೀರಿ ಅಂತ ಕೇಳಿದೆ. ಐದು ಕೈ ಎದ್ದವು. ಅದರಲ್ಲಿ ಒಂದು ಎರಡನೇ ನಂಬರಿನವನದು.

ನಾಲ್ಕನೇ ಸುತ್ತಿಗೇ ಮುಗಿಯಿತು. ಅವರದು ನಾಲ್ಕಕ್ಕೆ ನಾಲ್ಕು. ನಮ್ಮದು ಎರಡು. ಎರಡನೇ ನಂಬರಿನವನು ಗೋಲು ಹೊಡೆದ. ತಪ್ಪಿದವರಲ್ಲಿ ಒಬ್ಬ ನಮ್ಮ ಕ್ಯಾಪ್ಟನ್. ಐವತ್ತು ನಿಮಿಷ ಆ ಎಂಟನೇ ನಂಬರಿನವನನ್ನು ತಿರುಗಲು ಬಿಡದ ಹುಡುಗ. ಎಂಟನೇ ನಂಬರಿನವನೇ ಬಂದು ಅವನನ್ನು ಎಬ್ಬಿಸಿದ.

ವಾಪಸ್ ಬರುವಾಗ ಬಸ್ಸಿನಲ್ಲಿ ಕ್ಯಾಪ್ಟನ್ ನನ್ನ ಪಕ್ಕದಲ್ಲಿ ಬಂದು ಕೂತ. ನನ್ನ ನೋಟ್‌ಬುಕ್ ತೊಡೆಯ ಮೇಲಿತ್ತು, ಒದ್ದೆಯಾಗಿ ಹಾಳೆ ಒಂದಕ್ಕೊಂದು ಅಂಟಿತ್ತು. ಅವನು ಅದನ್ನು ತೆಗೆದುಕೊಂಡು ಒಂದೊಂದೇ ಹಾಳೆ ಬಿಡಿಸಿದ. ಹಗ್ಗದ ಚಿತ್ರ ನೋಡಿದ. ಮೂರು ಮಾತು ಬರೆದ ಹಾಳೆ ನೋಡಿದ. ಕಾರ್ನರ್ ನೋಡಿದ. ಕೊನೆಯ ಹಾಳೆಯ ತನಕ ಹೋದ.

"ಸರ, ಪೆನಾಲ್ಟಿದ್ದು ಎಲ್ಲಿ ಐತ್ರಿ?"

"ಬರ್ದಿಲ್ಲಪ್ಪಾ" ಅಂದೆ.

ಅವನು ನನ್ನ ಜೇಬಿನಿಂದ ಪೆನ್ ತೆಗೆದುಕೊಂಡ.